ಗುಂಡು ಹಾರಿಸದವರ ಕುರ್ಚಿ

ಏಳನೆಯ ಕಂಪ್ಯೂಟರಿಗೆ ನಾನು ಕೊಟ್ಟದ್ದು ಒಂಬತ್ತೂವರೆ ಸಾವಿರ. ಶಿವಮೊಗ್ಗದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಟೈಪಿಂಗ್ ಕ್ಲಾಸಿನವರು ಹದಿನಾಲ್ಕು ಹೇಳಿದ್ದರು. ನಾನು ಮೊದಲು ಕೀಬೋರ್ಡು ಮುಟ್ಟಿ ನೋಡಿದೆ, ಆಮೇಲೆ ಹಿಂದಿನ ಫ್ಯಾನಿನ ಸದ್ದಿಗೆ ಕಿವಿಗೊಟ್ಟೆ, ಆಮೇಲೆ ಏನೂ ಹೇಳದೆ ಎದುರಿನ ಹೋಟೆಲಿಗೆ ಹೋಗಿ ನಿಧಾನವಾಗಿ ಕಾಫಿ ಕುಡಿದು ಬಂದೆ. ಮಾರುವವನಿಗೆ ಜಾಗ ಖಾಲಿ ಮಾಡುವ ಅವಸರ ಇದ್ದಾಗ ಬಾಯಿ ಬಿಟ್ಟು ಚೌಕಾಸಿ ಮಾಡಬಾರದು, ಅವನನ್ನು ಕಾಯಿಸಬೇಕು, ಅಷ್ಟೆ. ಅಡಿಕೆ ಮಂಡಿಯಲ್ಲಿ ಚೀಲ ಹೊರುತ್ತಿದ್ದ ಕಾಲದಲ್ಲಿ ನಾನು ಕಲಿತದ್ದು ಇದು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ನನ್ನ ಅಂಗಡಿಯಲ್ಲಿ ಆಗಲೇ ಆರು ಕಂಪ್ಯೂಟರುಗಳಿದ್ದವು. ಎಸ್‌ಟಿಡಿ ಬೂತ್ ಆಗಿ ಶುರುವಾದ ಅಂಗಡಿ ಅದು. ಜನ ಕೈಯಲ್ಲೇ ಫೋನು ಹಿಡಿದು ಓಡಾಡತೊಡಗಿದ ಮೇಲೆ ಬೂತಿನ ಗಾಜು ಕಿತ್ತು ಕಂಪ್ಯೂಟರ್ ಇಟ್ಟೆ. ಬೆಳಿಗ್ಗೆ ಪಿಯುಸಿ ಫಲಿತಾಂಶ, ಪಹಣಿ, ಟ್ಯಾಲಿ ಕ್ಲಾಸು; ಮಧ್ಯಾಹ್ನದ ಮೇಲೆ ಆಟ. ಆ ಆರು ಕಂಪ್ಯೂಟರಿನಿಂದಲೇ ಹೊಟ್ಟೆ ತುಂಬುತ್ತಿತ್ತು. ಏಳನೆಯದು ಬೇಕಾದದ್ದು ಒಂದೇ ಒಂದು ಆಟಕ್ಕಾಗಿ.

ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ಅದನ್ನು ಸೀಡಿಯಲ್ಲಿ ತಂದುಕೊಟ್ಟಿದ್ದ. ಬಂದೂಕಿನ ಆಟಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಇದರ ರೀತಿಯೇ ಬೇರೆ. ಇದರಲ್ಲಿ ಒಂದು ಪಕ್ಷ ಮೃಗಗಳದ್ದು, ಇನ್ನೊಂದು ಬಂದೂಕಿನವರದ್ದು. ಬಂದೂಕಿನವನಿಗೆ ಕಾಣುವುದು ಅವನ ಕಣ್ಣಿನೆದುರು ಇರುವಷ್ಟೇ: ಒಂದು ಗೋಡೆ, ಒಂದು ತಿರುವು, ಬಂದೂಕಿನ ತುದಿ. ಆದರೆ ಆ ಪಕ್ಷದಲ್ಲಿ ಒಬ್ಬರು ಮಾತ್ರ ಬಂದೂಕು ಹಿಡಿಯುವುದಿಲ್ಲ. ಅವರು ಮೇಲಿನಿಂದ ಇಡೀ ಜಾಗವನ್ನು ಸರ್ವೆ ನಕ್ಷೆ ನೋಡಿದಂತೆ ನೋಡುತ್ತಾ, ಎಲ್ಲಿ ಏನು ಕಟ್ಟಬೇಕು, ಯಾರು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಾರೆ. ಗುಂಡು ಮುಗಿದವನ ಕಾಲ ಬಳಿ ಗುಂಡಿನ ಪೆಟ್ಟಿಗೆ ಇಳಿಸುತ್ತಾರೆ, ಗಾಯವಾದವನಿಗೆ ಔಷಧಿ ಇಳಿಸುತ್ತಾರೆ. ಮೂರು ಮೃಗ, ಮೂರು ಬಂದೂಕು, ಮೇಲೆ ಒಬ್ಬರು. ಏಳು.

ಕಂಪ್ಯೂಟರ್ ತಂದಿಟ್ಟೆ. ಆದರೆ ಆ ಏಳನೆಯ ಕುರ್ಚಿಯಲ್ಲಿ ಕೂರುವವರೇ ಇಲ್ಲ. ಕೂತ ಹುಡುಗರೆಲ್ಲ ಸ್ವಲ್ಪ ಹೊತ್ತಿನಲ್ಲೇ ಬಂದೂಕಿನ ಆಸೆ ತಡೆಯದೆ ಕೆಳಗಿಳಿದು ಓಡುತ್ತಿದ್ದರು. ಹಿಂದಿನಿಂದ ಮೃಗಗಳು ಬಂದು ನೆಲೆಯನ್ನೇ ತಿಂದು ಹಾಕುತ್ತಿದ್ದವು. ಭಾನುವಾರ ಎನ್.ಆರ್. ಪುರದ ಬಸ್ಸಿನಲ್ಲಿ ಬರುತ್ತಿದ್ದ ಕಡಹಿನಬೈಲಿನ ಮೂವರು ಮೃಗಗಳ ಪಕ್ಷ ಹಿಡಿದು ನಮ್ಮವರನ್ನು ಅಟ್ಟಾಡಿಸಿ, ಹೋಗುವಾಗ, ಕೊಪ್ಪದವರಿಗೆ ಮನೆ ಕಾಯುವ ಅಭ್ಯಾಸ ಇಲ್ಲವಾ ಎಂದು ನನ್ನನ್ನು ಕೇಳಿ ಹೋಗುತ್ತಿದ್ದರು.

ಕೊನೆಗೆ ಅಲ್ಲಿ ಕೂತವಳು ನನ್ನ ಅಂಗಡಿಯಲ್ಲಿ ಟ್ಯಾಲಿ ಕಲಿಸುತ್ತಿದ್ದ ಹುಡುಗಿ. ಬಿಕಾಂ ಮುಗಿಸಿ ಶೃಂಗೇರಿ ರಸ್ತೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಅವಳ ಬಸ್ಸಿಗೆ ಎರಡು ಗಂಟೆ ಇರುತ್ತಿತ್ತು. ಖಾಲಿ ಬಿದ್ದ ಕಂಪ್ಯೂಟರ್ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಸುಮ್ಮನೆ ಕೂರುವ ಬದಲು ಇದರಲ್ಲಿ ಕೂರು ಎಂದೆ. ಒಂದು ವಾರದಲ್ಲಿ ಕಡಹಿನಬೈಲಿನವರ ಮಾತು ನಿಂತಿತು. ಅವಳಿಗೆ ಗುಂಡು ಹಾರಿಸುವ ಆಸೆಯೇ ಇರಲಿಲ್ಲ. ಯಾರ ಬಳಿ ಏನು ಕಡಿಮೆಯಾಗಿದೆ ಎಂದು ನೋಡುವುದರಲ್ಲೇ ಅವಳಿಗೆ ಖುಷಿ. ದೊಡ್ಡ ಊಟಕ್ಕೆ ಬಡಿಸುವವರು ಪಂಕ್ತಿಯ ಎಲೆಗಳ ಮೇಲೆ ಕಣ್ಣಾಡಿಸುತ್ತಾರಲ್ಲ, ಹಾಗೆ.

ತೊಡಕು ಇದ್ದದ್ದು ಬಂದೂಕು ಹಿಡಿದ ಮೂವರಲ್ಲಿ ಒಬ್ಬನಿಂದ. ಅವನು ಅವಳ ದೊಡ್ಡಪ್ಪನ ಮಗ, ಪಕ್ಕದ ಬೀದಿಯಲ್ಲಿ ಬೈಕಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಆ ಎರಡು ಮನೆಗಳಿಗೂ ಮಾತಿಲ್ಲ. ಬರೀ ಮುನಿಸಾಗಿದ್ದರೆ ಬೇರೆ ಮಾತು. ಆಸ್ತಿ ಪಾಲಾಗುವಾಗ ಜೀಪು ಹೋಗುವ ದಾರಿಯ ವಿಷಯಕ್ಕೆ ಜಗಳ ಎದ್ದು, ಅಣ್ಣ ತಮ್ಮ ಇಬ್ಬರೂ ದೇವರ ಮುಂದೆ ನಿಂತು, ಈ ಮನೆಗೂ ಆ ಮನೆಗೂ ಮಾತಿಲ್ಲ, ಅನ್ನವಿಲ್ಲ, ನೀರಿಲ್ಲ ಎಂದು ಆಣೆ ಹಾಕಿಕೊಂಡಿದ್ದರು. ಇವಳಾಗ ಇನ್ನೂ ಹೈಸ್ಕೂಲು ಮುಟ್ಟಿರಲಿಲ್ಲ. ಆಣೆ ಹಾಕಿದವರು ಅಪ್ಪಂದಿರಾದರೂ ಅದು ಮಕ್ಕಳನ್ನೂ ಕಟ್ಟಿಹಾಕಿತು. ನಮ್ಮ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಹೇಳಲೇಬೇಕಾದ ಮಾತಿದ್ದರೆ ಎದುರಿಗೇ ನಿಂತು ಮೂರನೆಯವರಿಗೆ ಹೇಳುತ್ತಾರೆ: ಅವರ ದನ ನಮ್ಮ ಗದ್ದೆಗೆ ಬಂದಿದೆ ಅಂತ ಹೇಳಿ. ಅವರೂ ಅದೇ ಮೂರನೆಯವರಿಗೆ ಉತ್ತರ ಕೊಡುತ್ತಾರೆ.

ಅವಳನ್ನು ನನ್ನ ಅಂಗಡಿಯಲ್ಲಿ ಕಂಡ ಮೊದಲ ದಿನ ಅವನು ಬಾಗಿಲಿಂದಲೇ ಹಿಂದೆ ಹೋದ. ಕೆಲವು ದಿನ ಬಿಟ್ಟು ಬಂದು, ಅವಳಿಗೆ ಬೆನ್ನು ಹಾಕಿ, ಮೂಲೆಯ ಕಂಪ್ಯೂಟರಿನಲ್ಲಿ ಕೂತ.

ಅವರ ಆಟ ನಡೆದದ್ದು ನನ್ನದೊಂದು ನಿಯಮದ ದೆಸೆಯಿಂದ. ಕಾಡಿನಂಚಿನ ಊರುಗಳಲ್ಲಿ ನಕ್ಸಲರನ್ನು ಹುಡುಕುತ್ತಾ ಪೊಲೀಸ್ ಜೀಪುಗಳು ಓಡಾಡುತ್ತಿದ್ದ ವರ್ಷಗಳು ಅವು. ನನ್ನ ಅಂಗಡಿಯೊಳಗಿಂದ, "ಕಮಾಂಡರ್, ಗುಂಡು ಕಳಿಸಿ, ಇಬ್ಬರು ಹಿಂದಿನಿಂದ ಬನ್ನಿ" ಎಂಬ ಕೂಗು ರಸ್ತೆಗೆ ಕೇಳಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಹಾಗೆ ಕೇಳಿಸಿ, ಹಾಲಿನ ಡೈರಿಯ ಕಡೆ ಹೊರಟಿದ್ದ ಒಬ್ಬರು ಕ್ಯಾನು ಅಲ್ಲೇ ಬಿಟ್ಟು ಓಡಿದ್ದರು. ಅಂದಿನಿಂದ ನನ್ನ ಅಂಗಡಿಯಲ್ಲಿ ಬಾಯಿ ಬಿಟ್ಟು ಆಡುವಂತಿರಲಿಲ್ಲ. ಆಟದಲ್ಲೇ ಅದಕ್ಕೆ ದಾರಿ ಇತ್ತು. ಮೇಲೆ ಕೂತವರು ನಕ್ಷೆಯಲ್ಲಿ ಒತ್ತಿದರೆ ಬಂದೂಕಿನವನ ಪರದೆಯ ಮೇಲೆ ಗುರುತು ಮೂಡುತ್ತದೆ, ಇಲ್ಲಿಗೆ ಹೋಗು ಎಂದು. ಗುಂಡು ಬೇಕಾದರೆ ಬಂದೂಕಿನವನು ಕೀಬೋರ್ಡಿನಲ್ಲಿ ಒಂದು ಕೀಲಿ ಒತ್ತುತ್ತಾನೆ. ಯಾವನೋ ಪರದೇಶದವನ ದನಿ ಅವನ ಪರವಾಗಿ ಇಂಗ್ಲಿಷಿನಲ್ಲಿ ಕೇಳುತ್ತದೆ. ಮಾತಿಲ್ಲ.

ಹಾಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು, ಒಂದು ಮಾತೂ ಆಡದೆ, ಒಬ್ಬರನ್ನೊಬ್ಬರು ಬದುಕಿಸಿಕೊಂಡರು. ಉಳಿದ ಇಬ್ಬರು ಅವಳ ಗುರುತು ಕಂಡಾಗ ಒಂದು ಗಳಿಗೆ ಯೋಚಿಸುತ್ತಿದ್ದರು. ಇವನು ಯೋಚಿಸುತ್ತಿರಲಿಲ್ಲ. ನಾನು ಗಲ್ಲಾದ ಹಿಂದಿನಿಂದ ಅದನ್ನು ಬಹಳ ಸಲ ನೋಡಿದ್ದೇನೆ. ನನ್ನ ವ್ಯಾಪಾರದಲ್ಲಿ ಯಾರೂ ಯಾರ ಮಾತನ್ನೂ ಹಾಗೆ ನಂಬುವುದಿಲ್ಲ. ನಂಬಿದರೆ ವ್ಯಾಪಾರ ನಡೆಯುವುದಿಲ್ಲ. ಕಣ್ಣಿಗೆ ಕಾಣದ ಬಾಗಿಲಿನ ಕಡೆಗೆ, ಇನ್ನೊಬ್ಬರಿಗೆ ಕಂಡಿದೆ ಎಂಬ ಒಂದೇ ಕಾರಣಕ್ಕೆ ಓಡುವುದು ನನಗೆ ಹೊಸದು.

ಅವಳ ಮದುವೆ ತೀರ್ಥಹಳ್ಳಿ ಕಡೆಗೆ ಗೊತ್ತಾಯಿತು. ಸಿಹಿ ಹಂಚಿದ ದಿನವೇ ಅವಳು ನನ್ನ ಗಲ್ಲಾದ ಬಳಿ ಬಂದು ನಿಂತಳು. ಅವರ ಪದ್ಧತಿಯಲ್ಲಿ ಹೋಮದ ಹೊತ್ತಿಗೆ ಮದುಮಗಳ ಬೊಗಸೆಗೆ ಭತ್ತದ ಅರಳು ತುಂಬುವವನು ಅವಳ ಅಣ್ಣನೋ ತಮ್ಮನೋ ಆಗಬೇಕು. ಇವಳಿಗೆ ಒಡಹುಟ್ಟಿದವರಿಲ್ಲ. ದೂರದ ಸಂಬಂಧದ ಯಾರನ್ನೋ ನಿಲ್ಲಿಸಲು ಅಪ್ಪ ಗೊತ್ತು ಮಾಡಿದ್ದರು.

"ಅಣ್ಣಾ, ಅರಳು ಹಾಕಕ್ಕೆ ಅವ್ನೇ ಬರ್ಬೇಕು" ಎಂದಳು, ಮೂಲೆಯ ಖಾಲಿ ಕುರ್ಚಿ ನೋಡುತ್ತಾ. "ಬೇರೆಯವ್ರ ಕೈಯಿಂದ ನಂಗೆ ಬೇಡ. ನೀವು ಯಾರ್ಯಾರ ಹತ್ರ ಎಂತೆಂತದೋ ಚೌಕಾಸಿ ಮಾಡ್ತೀರಿ, ಇದೊಂದು ಮಾಡಿ."

ನಾನು ಹೋದೆ. ಮೊದಲ ಸಲ ಪೂರ್ತಿ ಸರಕನ್ನೇ ಕೇಳಿದೆ. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು, ಅಣ್ಣ ತಮ್ಮ ಇಬ್ಬರೂ ದೇವಸ್ಥಾನಕ್ಕೆ ಹೋಗಿ, ತಪ್ಪುಕಾಣಿಕೆ ಇಟ್ಟು, ಆಣೆ ಬಿಡಿಸಿಕೊಂಡು ಬಂದರೆ ಹೇಗೆ ಎಂದೆ. ಅವರು ಎಲೆಗೆ ಸುಣ್ಣ ಸವರುತ್ತಾ, ಮೊದಲು ಯಾರು ಹೊರಡುವುದು ಎಂದು ಕೇಳಿದರು. ಅಷ್ಟೇ. ಮೊದಲು ಹೊರಟವರದು ತಪ್ಪು ಎಂದಾಗುತ್ತದೆ, ಅದು ನನಗೆ ಹೊಳೆದಿರಲಿಲ್ಲ. ಕಾಫಿ ಕುಡಿದು ವಾಪಸು ಬಂದೆ. ಮದುವೆಯ ಕರೆಯೋಲೆ ಕಾಗದ ಅಚ್ಚಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಅವಳ ಅಪ್ಪನ ಕಿವಿಗೆ ಯಾರೋ ಊದಿದರು: ನಿಮ್ಮ ಮಗಳು, ನಿಮ್ಮ ಅಣ್ಣನ ಮಗ ಒಂದೇ ಆಟ ಆಡುತ್ತಾರೆ. ಅವರು ಒಂದು ಮಧ್ಯಾಹ್ನ ನೇರ ಅಂಗಡಿಗೆ ಬಂದರು. ಆಟ ನಡೆಯುತ್ತಿತ್ತು. ಅವಳ ಕಿವಿಯ ಮೇಲೆ ಹೆಡ್‌ಫೋನು, ಕಣ್ಣು ಪರದೆಯ ಮೇಲೆ. ನಾನು ಅವರನ್ನು ಗಲ್ಲಾದ ಒಳಗೆ ಕರೆದು ಸ್ಟೂಲು ಕೊಟ್ಟೆ. ಅಲ್ಲಿಂದ ಅವಳ ಪರದೆಯೂ ಕಾಣುತ್ತಿತ್ತು, ಅವನದೂ ಕಾಣುತ್ತಿತ್ತು.

"ಇವ್ರಿಬ್ರೂ ಮಾತಾಡ್ತಾರನ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಇಲ್ಲ ರಾಯ್ರೇ. ನೀವೇ ನೋಡಿ."

ನೋಡಿದರು. ಅವನು ಒಂದು ಇಕ್ಕಟ್ಟು ದಾರಿಯಲ್ಲಿ ಸಿಕ್ಕಿಬಿದ್ದಿದ್ದ, ಗುಂಡು ಖಾಲಿ. ಕೀಲಿ ಒತ್ತಿದ. ಸ್ಪೀಕರಿನಿಂದ ಆ ಪರದೇಶದ ದನಿ ಬಂತು. ಅಪ್ಪ ಬೆಚ್ಚಿ, ಅದು ಅವನ ದನಿಯಾ ಎಂದರು. ಅಲ್ಲ, ಮಿಷಿನಿನದು ಎಂದೆ. ಅಷ್ಟರಲ್ಲಿ ಅವನ ಕಾಲ ಬಳಿ ಗುಂಡಿನ ಪೆಟ್ಟಿಗೆ ಇಳಿದಿತ್ತು. ಎಡಗಡೆ ಒಂದು ಗುರುತು ಮೂಡಿತು. ಅವನು ತಿರುಗಿಯೂ ನೋಡದೆ ಎಡಕ್ಕೆ ನುಗ್ಗಿದ. ಅಲ್ಲಿ ಬಾಗಿಲು. ಮೃಗ ಹಿಂದೆಯೇ ಉಳಿಯಿತು.

"ಅಲ್ಲಿ ಬಾಗ್ಲಿದೆ ಅಂತ ಅವಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಅವ್ಳು ತೋರ್ಸಿದ್ಲು, ಹೋದ."

ಅವರು ಹೆಗಲ ಮೇಲಿನ ಬಟ್ಟೆ ತೆಗೆದು ಮುಖ ಒರೆಸಿಕೊಂಡರು. ಅವರ ಅಣ್ಣನ ಜಗಲಿಯಲ್ಲಿ ನಾನು ಬಿಟ್ಟುಬಂದದ್ದು ಏನೆಂದು ನನಗೆ ಆಗ ಕಂಡಿತು. ಆಣೆಯನ್ನು ಮುರಿಯುವ ವ್ಯಾಪಾರಕ್ಕೆ ಹೋಗಿದ್ದೆ. ಆಣೆಯಲ್ಲಿ ಏನೇನಿದೆ ಎಂದು ಎಣಿಸಿರಲಿಲ್ಲ.

"ರಾಯ್ರೇ, ಅರಳು ಹಾಕುವವ್ನು ಏನಾದ್ರೂ ಮಾತಾಡ್ಬೇಕಾ?" ಎಂದೆ.

"ಎಂತದೂ ಇಲ್ಲ. ಮಂತ್ರ ಪುರೋಹಿತ್ರು ಹೇಳ್ತಾರೆ."

"ಮಂಟಪ ನಿಮ್ಮನೆ ಅಲ್ಲ, ಬಾಡಿಗೆದು. ಅವ್ನು ಬಂದು, ಹಾಕಿ, ಇಳಿದು ಹೋದ್ರೆ? ಊಟ ಇಲ್ಲ, ನೀರಿಲ್ಲ, ಮಾತಿಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಅರಳೂ ಅಕ್ಕಿ ಜಾತಿಯೇ ಅಲ್ದಾ ಮಾರಾಯ."

"ಅದನ್ನ ಅಗ್ನಿ ತಿಂತದೆ. ನೀವು ತಿನ್ನಲ್ಲ, ಅವ್ರೂ ತಿನ್ನಲ್ಲ."

ಅವರ ಮೀಸೆಯಂಚಿನಲ್ಲಿ ಒಂದು ಸಣ್ಣ ನಗೆ ಬಂದು ಹೋಯಿತು. ಎದ್ದು ನಿಂತು, ಮಗಳಿಗೆ ತಾನು ಬಂದದ್ದು ಹೇಳಬೇಡ ಎಂದರು. ಬಾಗಿಲ ಬಳಿ ತಿರುಗಿ, "ಅವ್ನ ಅಪ್ಪ ಬಿಡ್ಬೇಕಲ್ಲ" ಎಂದರು. ಬೇಡ ಎನ್ನಲಿಲ್ಲ, ನನಗೆ ಅಷ್ಟು ಸಾಕಿತ್ತು.

ಎರಡನೆಯ ಸಲ ದೊಡ್ಡಪ್ಪನ ಜಗಲಿಯಲ್ಲಿ ನಾನು ಏನನ್ನೂ ಕೊಡಿ ಎನ್ನಲಿಲ್ಲ. ಇಂಥ ದಿನ ಬೆಳಿಗ್ಗೆ ನಿಮ್ಮ ಮಗ ಕೊಪ್ಪಕ್ಕೆ ಹೋಗುತ್ತಾನೆ, ಎಲ್ಲಿಗೆ ಎಂದು ನೀವು ಕೇಳದಿದ್ದರೆ ಸಾಕು ಎಂದೆ. ಅಲ್ಲಿ ಅವನು ಮಾತಾಡುವುದಿಲ್ಲ, ಉಣ್ಣುವುದಿಲ್ಲ ಎನ್ನುವುದನ್ನೂ ಹೇಳಿದೆ. ಅವರು ಅಡಿಗೆಮನೆಯ ಕಡೆ ತಿರುಗಿ ಹೆಂಡತಿಗೆ ಹೇಳಿದರು:

"ಅವತ್ತು ಮಾಣಿನ ಬೇಗ ಎಬ್ಸು. ಮೊದಲ್ನೇ ಬಸ್ಸು ತಪ್ಪಿದ್ರೆ ಮುಹೂರ್ತಕ್ಕೆ ಸಿಕ್ಕಲ್ಲ."

ಅವನು ಬಂದ. ಹೊಸ ಪಂಚೆ, ಅಂಗಡಿಯ ಮಡಿಕೆಗಳು ಇನ್ನೂ ಬಿಚ್ಚಿರಲಿಲ್ಲ. ಹೋಮದ ಪಕ್ಕ ನಿಂತು ಮರದ ಬೊಂಬೆಯಂತೆ ಅರಳು ತುಂಬಿದ. ಅವಳ ಬೊಗಸೆ ಸಡಿಲವಾಗಿ ಮೊದಲ ಸುತ್ತಿನದು ಅರ್ಧ ನೆಲಕ್ಕೆ ಬಿತ್ತು. ಪುರೋಹಿತರು ಮುಂದೆ ಹೋಗುವಷ್ಟರಲ್ಲಿ ಅವನು ಇನ್ನೊಂದು ಹಿಡಿ ಹಾಕಿ, ಚೆಲ್ಲದಂತೆ ತನ್ನ ಎಡಗೈಯನ್ನು ಅವಳ ಕೈಯ ಕೆಳಗೆ ಹಿಡಿದ. ಅವಳು ಮುಖ ಎತ್ತಲಿಲ್ಲ. ಅವಳ ಅಪ್ಪ ಪದ್ಧತಿಯಂತೆ ಅವನಿಗೆ ಶಲ್ಯ ಕೊಡಬೇಕಿತ್ತು. ಪುರೋಹಿತರ ಕೈಗೆ ಕೊಟ್ಟರು, ಪುರೋಹಿತರು ಅವನಿಗೆ ಹೊದಿಸಿದರು. ಆಣೆಯಲ್ಲಿ ಬಟ್ಟೆಯ ಸುದ್ದಿ ಇರಲಿಲ್ಲ. ಒಳಗೆ ಎಲೆ ಹಾಕುವ ಸದ್ದು ಶುರುವಾದಾಗ ಅವನು ಮೆಟ್ಟಿಲಿಳಿದ.

ನಾನೂ ಊಟ ಬಿಟ್ಟು ಅವನ ಹಿಂದೆ ಹೋದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಅನ್ನ ಸಾರು ಉಂಡೆವು. ಮಜ್ಜಿಗೆ ಕಲಸಿಕೊಳ್ಳುತ್ತಾ ಅವನು, "ಇಷ್ಟು ವರ್ಷ ಆಯ್ತು, ಅವ್ಳ ಮುಖ ಹತ್ರದಿಂದ ನೋಡಿದ್ದು ಇವತ್ತೇ" ಎಂದ.

ಅವಳು ಹೋದ ಮೇಲೆ ಆ ಕುರ್ಚಿಯಲ್ಲಿ ನಾನೇ ಕೂತು ನೋಡಿದೆ. ನನಗೆ ನಕ್ಷೆ ಚೆನ್ನಾಗಿ ಕಾಣುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ಕಡಹಿನಬೈಲಿನವರು ಮತ್ತೆ ನಗತೊಡಗಿದರು. ಆ ಎರಡು ಮನೆಗಳ ಆಣೆ ನಾನು ಕೊಪ್ಪದ ಅಂಗಡಿ ಮುಚ್ಚುವವರೆಗೂ ಹಾಗೇ ಇತ್ತು.

ನಿಮ್ಮ ಊರಿನಲ್ಲೂ ಮಾತು ಬಿಟ್ಟ ಮನೆಗಳಿರಬಹುದು, ಒಂದು ದಿನ ನಡುವೆ ನಿಲ್ಲಲು ನಿಮ್ಮನ್ನು ಕರೆಯಬಹುದು. ಯಾರದು ತಪ್ಪು ಎಂದು ಕೇಳಬೇಡಿ, ಕೇಳಿದಿರೋ ಅಲ್ಲಿಗೆ ವ್ಯಾಪಾರ ಮುಗಿಯಿತು. ಆಣೆಯ ಮಾತುಗಳನ್ನು ಇಬ್ಬರ ಬಾಯಿಂದಲೂ ಬೇರೆಬೇರೆಯಾಗಿ ಹೇಳಿಸಿಕೊಳ್ಳಿ. ಅದರಲ್ಲಿ ಇಲ್ಲದ್ದು ಏನು ಎಂಬುದೇ ನಿಮ್ಮ ಬಂಡವಾಳ. ರಾಜಿ ಕೇಳಬೇಡಿ, ಒಂದು ಗಳಿಗೆಯ ಕೆಲಸ ಕೇಳಿ. ಬನ್ನಿ ಎನ್ನುವುದಕ್ಕಿಂತ ತಡೆಯಬೇಡಿ ಎಂದು ಕೇಳುವುದು ಸುಲಭ. ಕಾಗದ ಅಚ್ಚಾಗುವ ಮೊದಲೇ ಮುಗಿಸಿ, ಆಮೇಲೆ ನೆಂಟರೆಲ್ಲ ಬಾಯಿ ಹಾಕುತ್ತಾರೆ. ಮತ್ತೆ, ಕೆಲಸ ಮುಗಿಸಿ ಉಣ್ಣದೆ ಹೊರಡುವವನು ಒಬ್ಬ ಇದ್ದೇ ಇರುತ್ತಾನೆ. ಹತ್ತಿರದ ಹೋಟೆಲಿನಲ್ಲಿ ಊಟ ಎಷ್ಟು ಹೊತ್ತಿನವರೆಗೆ ಸಿಗುತ್ತದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ, ಅವನ ಜೊತೆ ನೀವೂ ಕೂತು ಉಣ್ಣಿ.