ಮಡಚಿದ ಕೌದಿಯ ಎರಡು ಮೂಲೆ

ಇವತ್ತು ಮೈಸೂರಿನಿಂದ ಮೊಮ್ಮಗಳ ಕಾಗದ ಬಂದಿದೆ. ಎಂ.ಎಸ್ಸಿ. ಮೊದಲ ವರ್ಷ ಪಾಸು! ಬೆಳಗಿನಿಂದ ನಾಲ್ಕು ಸಲ ಓದಿದೆ. ನಾನು ಕಲಿತದ್ದು ಎರಡನೇ ಕ್ಲಾಸು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಹೋದ ವರ್ಷದ ಆ ಮಧ್ಯಾಹ್ನವನ್ನು ಹೇಳಿ ಬರೆಸಿಡದಿದ್ದರೆ ಇವತ್ತು ನನಗೆ ಊಟ ಇಳಿಯುವುದಿಲ್ಲ.

ಸೊರಬದಿಂದ ಅವಳ ತಂದೆ, ನಮ್ಮ ಅಳಿಯಂದಿರು, ಅವಳನ್ನು ಕರೆದುಕೊಂಡು ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದರು. ಅವಳ ಬಿ.ಎಸ್ಸಿ. ಮುಗಿದಿತ್ತು. ಮುಂದೆ ಭೌತಶಾಸ್ತ್ರ ಓದುತ್ತೇನೆಂದು ಅವಳ ಹಟ, ಗಂಡು ನೋಡುತ್ತೇನೆಂದು ಅವರ ಹಟ. ಅರ್ಜಿಗೆ ತಂದೆಯ ಸಹಿ ಬೇಕು. ಕಳಿಸಲು ಎರಡೇ ದಿನ ಉಳಿದಿತ್ತು. ನಾನು ಪಡಸಾಲೆಯಲ್ಲಿ ಹೊದೆಯಲು ಹಳೇ ಸೀರೆಗಳ ಕೌದಿ ಹೊಲಿಯುತ್ತಿದ್ದೆ, ಅವಳ ಮದುವೆಗೆಂದೇ.

“ನೀವೇ ಬುದ್ಧಿ ಹೇಳಿ ಅತ್ತೆ,” ಎಂದರು ಅಳಿಯಂದಿರು. “ಆಕಾಶದಲ್ಲಿ ಬಿಲ ಇದ್ಯಂತೆ, ಅದರೊಳಗೆ ಹೊಕ್ಕರೆ ನಿನ್ನೆಗೇ ಹೋಗ್ಬಹುದಂತೆ. ಅದನ್ನ ಓದೋಕೆ ಮೈಸೂರಿಗೆ ಹೋಗ್ಬೇಕಂತೆ!”

“ಅಪ್ಪಯ್ಯ, ಪೂರಾ ಕೇಳಿ,” ಎಂದು ಅವಳು ನನ್ನ ಕೌದಿಯನ್ನೇ ಎಳೆದುಕೊಂಡಳು. “ಅಜ್ಜಿ, ಈ ಮೂಲೆ ಸೊರಬ, ಆ ಮೂಲೆ ಶಿಕಾರಿಪುರ ಅಂತ ಇಟ್ಕೊ. ಒಂದು ಗೊದ್ದದ ಇರುವೆ ನಡ್ಕೊಂಡು ಬಂದ್ರೆ ಎಷ್ಟು ಹೊತ್ತು ಬೇಕು?”

“ನಿಮ್ಮ ಬಸ್ಸಿಗಿಂತ ಬೇಗ ಬರ್ತೈತಿ ಬಿಡು,” ಎಂದೆ.

ಅವಳು ನಗುತ್ತ ಕೌದಿ ಮಡಚಿ, ಮೂಲೆಯ ಮೇಲೆ ಮೂಲೆ ಇಟ್ಟು, ನನ್ನ ಸೂಜಿಯನ್ನೇ ಚುಚ್ಚಿದಳು. “ಈಗ ಈ ತೂತಲ್ಲಿ ಇಳಿದ್ರೆ ಸಾಕು. ಜಾಗಾನೂ ಹೀಗೇ ಬಗ್ಗುತ್ತೆ. ಆಕಾಶದಲ್ಲಿ ಇಂಥ ಒಳದಾರಿ ಇರಬಹುದು ಅಂತ ಲೆಕ್ಕ ಹೇಳ್ತದೆ. ಕಾಲದಲ್ಲೂ ಹಿಂದಕ್ಕೆ ಹೋಗೋ ದಾರಿ ಇದ್ಯಾ ಅಂತ ವಿಜ್ಞಾನಿಗಳು ಕೇಳ್ತಿದ್ದಾರೆ.”

ಸೂಜಿ ಕೈಗೆ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೊಲಿಯುತ್ತಲೇ ಕೇಳಿದೆ: “ಹಂಗಾರೆ ನನ್ನ ಶಾಲಿ ಬಿಡಿಸಿದ ದಿನಕ್ಕೆ ಹೋಗಬಹುದೇನೇ? ಅಪ್ಪನ ಕೈ ಹಿಡಿದು ಬ್ಯಾಡ ಅನ್ನಬೇಕಿತ್ತು.”

ಅವಳು ಹೂಂ ಎಂದಿದ್ದರೆ ನಾನು ಆಗಲೇ ಅವಳ ಕಡೆ ಆಗುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು.

“ಇಲ್ಲ ಅಜ್ಜಿ,” ಎಂದಳು, ಮೆಲ್ಲಗೆ. “ಅಂಥ ದಾರಿ ಯಾರೂ ಕಂಡಿಲ್ಲ. ಇದೆಯೋ ಇಲ್ವೋ ಅದೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ನಾನು ಓದ್ಬೇಕು.”

ಅಳಿಯಂದಿರು ಕೌದಿಯ ಅಂಚು ಹಿಡಿದು ಎಳೆದರು. ಬಿಚ್ಚಿಕೊಳ್ಳಲಿಲ್ಲ! ಮಾತಿನ ಭರದಲ್ಲಿ ನಾನು ಎರಡು ಮೂಲೆಗಳನ್ನೂ ಸೇರಿಸಿ ಗೇಣುದ್ದ ಹೊಲಿದುಬಿಟ್ಟಿದ್ದೆ.

“ಅತ್ತೆ, ಸೊರಬ ಶಿಕಾರಿಪುರ ಎರಡನ್ನೂ ಒಂದು ಮಾಡಿಬಿಟ್ರಲ್ರೀ!” ಎಂದು ನಕ್ಕರು.

“ನಿಮ್ಮ ಸಹಿ ಬೀಳೋತನಕ ಬಿಚ್ಚಂಗಿಲ್ಲ ನಾನು,” ಎಂದೆ. “ನಮ್ಮಪ್ಪನ್ನ ಕೇಳಾಕೆ ಆಗಲಿಲ್ಲ. ನಿಮ್ಮನ್ನ ಕೇಳ್ತೀನಿ.”

ಅವರು ಮಗಳ ಕಡೆ ತಿರುಗಿ ಅರ್ಜಿಗೆ ಕೈ ಚಾಚಿದರು. ಆಮೇಲೆ, “ಪೆನ್ನು ಎಲ್ಲಿಟ್ಟೀಯೇ?” ಎಂದರು.

ಸಹಿ ಬಿದ್ದ ಮೇಲೆ ಹೊಲಿಗೆ ಬಿಚ್ಚಿದೆ. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ರೊಟ್ಟಿಯ ಚೂರು ಇಡುವುದು ನಮ್ಮ ಮನೆಯ ಪದ್ಧತಿ. ದೂರ ಹೋಗುವವಳೆಂದು ಎರಡು ಚೂರು ಇಟ್ಟೆ. ಮದುವೆಯ ಕೌದಿ ಹಾಸ್ಟೆಲಿಗೆ ಹೋಯಿತು.

“ಆ ಎರಡು ಮೂಲೆಗಳಲ್ಲಿ ನಿನ್ನ ಸೂಜಿಯ ತೂತುಗಳು ಇನ್ನೂ ಇವೆ, ಬಂದು ನೋಡು,” ಎಂದು ಬರೆದಿದ್ದಾಳೆ. ನಾಳೆ ಮೈಸೂರಿಗೆ ಹೊರಟಿದ್ದೇನೆ. ಬಸ್ಸು ಗೊದ್ದಕ್ಕಿಂತ ನಿಧಾನ ಹೋದರೂ ಚಿಂತೆಯಿಲ್ಲ.