ನೆರಳು ಹಾಕುವ ಜಲಜಕ್ಕ

ಜಲಜಾಕ್ಷಿ ನೆರಳು ಬಿಡಿಸುತ್ತಿದ್ದಾರೆ. ದುಬೈಯ ಸತ್ವಾದ ಹಿಂದಿನ ಗಲ್ಲಿಯಲ್ಲಿ ಬೆಳಗಿನ ಬಾಂಗು ಈಗಷ್ಟೇ ಮುಗಿದಿದೆ, ಟೈಲರ್ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಆಗಸ್ಟ್ ತಿಂಗಳ ಹಬೆ. ಕಾರಿನ ಎ.ಸಿ.ಯಿಂದ ಇಳಿದ ಕೂಡಲೇ ನನ್ನ ಕನ್ನಡಕಕ್ಕೆ ಮಂಜು ಹಿಡಿದು, ಫೋಟೊ ಸ್ಟುಡಿಯೋದ ಬಾಗಿಲನ್ನು ಕೈಯಿಂದ ತಡವಿಯೇ ಹುಡುಕಿದ್ದೇನೆ. ಕನ್ನಡಕ ಒರೆಸಿಕೊಂಡು ನೋಡಿದರೆ ಮೊದಲು ಕಾಣುವುದು ಕಂಪ್ಯೂಟರಿನ ಪರದೆ. ಅದರಲ್ಲಿ ಮದುವೆ ಹಾಲ್, ಮದುಮಕ್ಕಳು, ಎರಡು ಸಾಲು ನೆಂಟರು, ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಖಾಲಿ ಜಾಗ. ಪಕ್ಕದಲ್ಲಿರುವ ಹೆಂಗಸು ಯಾರದೋ ಹೆಗಲ ಮೇಲೆ ಇಟ್ಟವಳಂತೆ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ನಗುತ್ತಿದ್ದಾಳೆ. ಅಲ್ಲಿ ಹೆಗಲೇ ಇಲ್ಲ.

ಆ ಹೆಗಲು ಶರ್ವಿನ್ ಎಂಬ ಹುಡುಗನದು. ಅಬುಧಾಬಿಯ ಹೋಟೆಲೊಂದರಲ್ಲಿ ಕೆಲಸ, ತಂಗಿಯ ಮದುವೆಗೆ ರಜೆ ಸಿಕ್ಕಿಲ್ಲ. ಹೋದ ವಾರ ಇಲ್ಲಿಗೆ ಬಂದು, ಅಂಗಡಿಯ ಕೋಟು ಹಾಕಿಕೊಂಡು, ಬಿಳಿ ಪರದೆಯ ಮುಂದೆ ಒಬ್ಬನೇ ನಿಂತು ನಕ್ಕು ಹೋಗಿದ್ದಾನೆ. ಜಲಜಕ್ಕ ಅವನನ್ನು ಆ ಜಾಗದಲ್ಲಿ ನಿಲ್ಲಿಸುತ್ತಾರೆ. ಹಾಲ್‌ನ ಬೆಳಕು ಎಡದಿಂದ ಬಂದಿದೆಯೆಂದು ಅವನ ಬಲಗೆನ್ನೆಯನ್ನು ಮಸುಕು ಮಾಡುತ್ತಾರೆ. ಪಕ್ಕದ ಅತ್ತೆಯ ರೇಷ್ಮೆ ಸೀರೆಯ ಕೆಂಪನ್ನು ಒಂದಿಷ್ಟೇ ಅವನ ತೋಳಿಗೆ ತಾಗಿಸುತ್ತಾರೆ. ಕೊನೆಗೆ ಬೂಟಿನ ಬುಡಕ್ಕೆ ನೆರಳು.

“ಮುಖ ಇಡುವುದು ದೊಡ್ಡ ವಿಷಯ ಅಲ್ಲ ಮಾರಾಯ್ರೆ. ನೆರಳು ಬೀಳ್ಬೇಕು. ನೆರಳಿಲ್ಲದಿದ್ರೆ ಕುಲೆ ಬಂದು ನಿಂತ ಹಾಗೆ ಕಾಣ್ತದೆ,” ಎನ್ನುತ್ತಾರೆ. ಕುಲೆ ಎಂದರೆ ತುಳುವಿನಲ್ಲಿ ಸತ್ತವರ ಪ್ರೇತ. ಈ ಮಾತನ್ನು ಅವರು ಹಲ್ಲುಜ್ಜುವ ವಿಷಯ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ.

ಊರಿನಲ್ಲಿ ಜಾಗ ಬಿಟ್ಟು ಫೋಟೊ ತೆಗೆಯುವುದು ಈಗ ರೂಢಿಯೇ ಆಗಿದೆ. ಗುಂಪು ನಿಲ್ಲಿಸುವ ಮೊದಲು ಫೋಟೊಗ್ರಾಫರ್ ಗಲ್ಫಿನವರು ಯಾರಾದರೂ ಉಂಟಾ ಎಂದು ವಿಚಾರಿಸುತ್ತಾನೆ, ಅವರ ಎತ್ತರ ಕೇಳಿ ಜಾಗ ಬಿಡಿಸುತ್ತಾನೆ, ಅಕ್ಕಪಕ್ಕದವರಿಗೆ ಕೈ ಎತ್ತಲು ಹೇಳುತ್ತಾನೆ. ಜಲಜಕ್ಕನಿಗೆ ಇಂಥ ಕೆಲಸ ಹೆಚ್ಚು ಕಳುಹಿಸುವವನು ಉಡುಪಿಯ ಫೋಟೊಗ್ರಾಫರ್ ಲತೇಶ್. ಇದು ಮೋಸವಲ್ಲವೇ ಎಂದು ನಾನು ಕೆಣಕಿದರೆ ಅವರಿಗೆ ಸಿಟ್ಟೂ ಬರುವುದಿಲ್ಲ. “ಮೋಸ ಯಾರಿಗೆ? ಅವ ಬರ್ಲಿಲ್ಲ ಅಂತ ಅವನ ಅಮ್ಮನಿಗೆ ಗೊತ್ತಿಲ್ವಾ? ಗೋಡೆಯಲ್ಲಿಯಾದ್ರೂ ಎಲ್ರೂ ಒಟ್ಟಿಗೆ ಇರ್ಲಿ ಅಂತ.”

ಜಲಜಕ್ಕನಿಗೆ ಈಗ ಐವತ್ತನಾಲ್ಕು. ಕಟಪಾಡಿಯ ಕಡೆಯವರು. ಹದಿನೇಳರಲ್ಲಿ ಮೂಲ್ಕಿಯ ಸ್ಟುಡಿಯೋ ಸೇರಿ, ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಮೊಡವೆ ಅಳಿಸುವ ‘ಟಚಿಂಗ್’ ಕಲಿತರು. ಗಂಡ ತೀರಿಹೋದ ಮೇಲೆ ಈ ದೇಶಕ್ಕೆ ಬಂದರು. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದರೆ ವೀಸಾ ಫೋಟೊಗಳ ಸಂತೆ. ದಿನಕ್ಕೆ ಅರುವತ್ತು ಎಪ್ಪತ್ತು ಮುಖಗಳ ಹಿಂದಿನ ಗೋಡೆಯನ್ನು ಬಿಳಿ ಮಾಡಬೇಕು. ಊರಿನ ಫೋಟೊಗಳಿಗೆ ಸಿಗುವುದು ಅದಕ್ಕೂ ಮೊದಲಿನ ಈ ಮೂರು ಗಂಟೆ ಮಾತ್ರ. ಕಣ್ಣು ಒಣಗಿ ಉರಿಯುತ್ತದೆ, ಕುತ್ತಿಗೆ ಬಲಕ್ಕೆ ತಿರುಗುವುದಿಲ್ಲ. ಹತ್ತಿರದಲ್ಲೇ ಹಳೆಯ ವಿಲ್ಲಾದ ಒಂದು ಕೋಣೆಯಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ವೆರೋನಿಕಾ ಬಾಯಿಯ ಜೊತೆ ವಾಸ. ಜಲಜಕ್ಕ ಲ್ಯಾಪ್‌ಟಾಪ್ ತೆರೆದರೆ ವೆರೋನಿಕಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಗೋಡೆಯ ಕಡೆ ಮಗ್ಗುಲಾಗುತ್ತಾರಂತೆ.

ಅದಕ್ಕೆ ಕಾರಣವಿದೆ. ಜಲಜಕ್ಕ ಸತ್ತ ಮಕ್ಕಳನ್ನು ದೊಡ್ಡವರನ್ನಾಗಿ ಮಾಡುತ್ತಾರೆ.

ಕುಲೆ ಮದುವೆಯ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಎಳವೆಯಲ್ಲಿ ಸತ್ತ ಮಗು ಆಚೆ ಕಡೆಯಲ್ಲಿ ಬೆಳೆಯುತ್ತಲೇ ಇರುತ್ತದೆ ಎಂಬುದು ತುಳುನಾಡಿನ ಅನೇಕ ಮನೆಗಳ ನಂಬಿಕೆ. ಪ್ರಾಯ ಬಂದಾಗ ಅದಕ್ಕೂ ಮದುವೆಯಾಗಬೇಕು. ಇಲ್ಲದಿದ್ದರೆ ಮನೆಯಲ್ಲಿರುವವರ ಮದುವೆಗೆ ಅದು ಅಡ್ಡ ಬರುತ್ತದೆ. ಸತ್ತದ್ದು ಹೆಣ್ಣುಮಗುವಾದರೆ, ಹಾಗೆಯೇ ಮಗನನ್ನು ಕಳೆದುಕೊಂಡ ಇನ್ನೊಂದು ಮನೆ ಹುಡುಕಿ, ಎರಡು ಕುರ್ಚಿಗಳ ಮೇಲೆ ಸೀರೆಯನ್ನೂ ಪಂಚೆಯನ್ನೂ ಇಟ್ಟು, ಧಾರೆ, ಊಟ ಎಲ್ಲ ಮಾಡುತ್ತಾರೆ. ಮಕ್ಕಳು ಮತ್ತು ಮದುವೆಯಾಗದವರು ಅದನ್ನು ನೋಡುವಂತಿಲ್ಲ. ಈಚೆಗೆ ಕೆಲವು ಮನೆಯವರಿಗೆ ಕುರ್ಚಿಯ ಮೇಲೆ ಒಂದು ಮುಖವೂ ಬೇಕೆನಿಸುತ್ತದೆ. ತೊಟ್ಟಿಲಿನ ಫೋಟೊ ಹಿಡಿದುಕೊಂಡು ಜಲಜಕ್ಕನನ್ನು ಹುಡುಕಿಕೊಂಡು ಬರುತ್ತಾರೆ. ಇಂಥದ್ದನ್ನೆಲ್ಲ ಕೇಳಿದರೆ ನಗುವ ಜಾತಿ ನನ್ನದು. ಆದರೆ ಆ ಪರದೆಯ ಮುಂದೆ ಕೂತು ನಗು ಬರಲಿಲ್ಲ.

ಈ ಕೆಲಸಕ್ಕೆ ಅವರದೊಂದು ಕಟ್ಟುಪಾಡಿದೆ. “ಜೀವ ಇದ್ದವರಿಂದ ಎಂತದ್ದೂ ತೆಗಿಲಿಕ್ಕಿಲ್ಲ. ಮೂಗು ಬೇಕಾದ್ರೆ ತೀರಿಹೋದ ಅಜ್ಜಿದು, ಗಲ್ಲ ಬೇಕಾದ್ರೆ ತೀರಿಹೋದ ಅತ್ತೆದು. ಬದುಕಿದ್ದವರ ಕಣ್ಣು ತೆಗೆದು ಕುಲೆಗೆ ಇಟ್ರೆ, ಆ ಕಣ್ಣು ಮತ್ತೆ ಯಾರನ್ನು ನೋಡ್ತದೆ ಹೇಳಿ?”

ಜುಲೈಯಲ್ಲಿ ಅಮಿತಾ ಬಂದದ್ದೂ ಇಂಥದ್ದೇ ಕೆಲಸಕ್ಕೆ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮನೆ, ಜೆಬೆಲ್ ಅಲಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ, ಮೂವತ್ತೆರಡು ವರ್ಷ. ನಿಶ್ಚಿತಾರ್ಥ ಎರಡು ಸಲ ಆಗಿದೆ, ಎರಡು ಸಲವೂ ಕಾರಣವಿಲ್ಲದೆ ಮುರಿದಿದೆ. ಊರಿನಲ್ಲಿ ಜೋಯಿಸರಿಂದ ಪ್ರಶ್ನೆ ಇಡಿಸಿದಾಗ ಬಂದ ಉತ್ತರ: ಇವಳ ಅವಳಿ ಸುಮಿತಾ, ವರ್ಷ ತುಂಬುವ ಮೊದಲೇ ಜ್ವರಕ್ಕೆ ಹೋದವಳು, ಮದುವೆ ಕೇಳುತ್ತಿದ್ದಾಳೆ. ಅಮಿತಾಗೆ ನಂಬಿಕೆಯಿಲ್ಲ. ಆದರೆ ತಾಯಿ ಗುಲಾಬಿಯಕ್ಕನಿಗೆ ಇದೆ, ಅವರು ಊಟ ಬಿಟ್ಟು ಕೂತಿದ್ದರು. ಮೊಬೈಲಿನ ಆ್ಯಪ್‌ನಲ್ಲಿ ಮಗುವಿನ ಫೋಟೊ ಹಾಕಿ ನೋಡಿದ್ದೂ ಆಗಿತ್ತು. ಕೆನ್ನೆ ಗುಲಾಬಿ ಬಣ್ಣದ ಒಬ್ಬ ಚೆಲುವೆ ಬಂದಳಂತೆ. ಗುಲಾಬಿಯಕ್ಕ ನೋಡಿ, ಇವಳು ಯಾರ ಮನೆಯ ಹುಡುಗಿ ಎಂದು ಕೇಳಿದರಂತೆ.

ಅಮಿತಾ ತಂದದ್ದು ಕಪ್ಪು ಬಿಳುಪಿನ ಒಂದು ಫೋಟೊ. ಸ್ಟೂಲಿನ ಮೇಲೆ ಗುಲಾಬಿಯಕ್ಕ, ಒಂದೊಂದು ತೊಡೆಯ ಮೇಲೆ ಒಂದೊಂದು ಮಗು. ಸುಮಿತಾ ಹುಟ್ಟಿನಿಂದ ಸೊರಗಿದವಳೆಂದು ತಾಯಿ ಅವಳನ್ನು ಯಾವಾಗಲೂ ಎದೆಬಡಿತ ಕೇಳುವ ಎಡಗಡೆಯಲ್ಲೇ ಕೂರಿಸಿಕೊಳ್ಳುತ್ತಿದ್ದರು. ಅದರಲ್ಲಿ ತಪ್ಪಿದ್ದೇ ಇಲ್ಲ. ಹಾಗಾಗಿ ಫೋಟೊದಲ್ಲಿ ಎಡ ತೊಡೆಯ ಮಗುವೇ ಸುಮಿತಾ. ಪ್ರತಿ ವರ್ಷ ಜುಲೈ ಆಗಸ್ಟಿನ ನಡುವೆ ಬರುವ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ದಿನ ಫೋಟೊವನ್ನು ಗೋಡೆಗೆ ಒರಗಿಸಿ, ಎಲೆ ಹಾಕಿ, ಆ ಮಗುವಿನ ಹಣೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುತ್ತಿದ್ದರು. ಮೂವತ್ತು ವರ್ಷದ ಕುಂಕುಮ ಕಾಗದದೊಳಕ್ಕೇ ಇಳಿದಿತ್ತು.

ಜಲಜಕ್ಕ ಆ ಫೋಟೊವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಪರದೆಯ ಮೇಲೆ ಕುಂಕುಮವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು. ಎಡಕಿವಿಯ ಬುಡದಲ್ಲಿದ್ದ ಒಂದು ಧೂಳಿನ ಚುಕ್ಕೆಯನ್ನೂ ಅಳಿಸಿದರು. ಮತ್ತೆ ನಾಲ್ಕು ಬೆಳಗು ಕೂತು ಮಗುವನ್ನು ಬೆಳೆಸಿದರು. ಎಲುಬು ಉದ್ದವಾಯಿತು, ಕೆನ್ನೆಯ ಕೊಬ್ಬು ಇಳಿಯಿತು, ಹುಬ್ಬು ದಟ್ಟವಾಯಿತು.

“ಅಜ್ಜಿಯ ಮೂಗು ಇಟ್ಟಿದ್ದೆ, ಅತ್ತೆಯ ಗಲ್ಲ ಇಟ್ಟಿದ್ದೆ. ಅಮಿತಾನ ಫೋಟೊ ನನ್ನ ಹತ್ರ ಇರ್ಲೇ ಇಲ್ಲ. ಐದನೇ ದಿನ ಬಾಗಿಲು ತೆಗೆದು ಸ್ವಿಚ್ ಹಾಕಿದೆ, ಪರದೆಯಲ್ಲಿ ಅಮಿತಾ ಕೂತಿದ್ಲು. ನಾನು ಕುರ್ಚಿ ಹಿಂದಕ್ಕೆ ಎಳ್ಕೊಂಡೆ.”

ಅವಳಿ ಅಲ್ಲವೇ, ಹೋಲದೆ ಏನು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಭಾನುವಾರ ಮುಂಜಾನೆ ತಾಯಿ ಮಗಳಿಬ್ಬರನ್ನೂ ಕರೆಸಿದರು. ಗುಲಾಬಿಯಕ್ಕ ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದು ಆಗ ಒಂದು ವಾರವಾಗಿತ್ತು. ಮುಖ ನೋಡಿದ್ದೇ ಅವರು ಕೈಮುಗಿದರು. ಅಮಿತಾ ಹತ್ತಿರದಿಂದ ನೋಡಲು ಬಗ್ಗಿ, ಜಾರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಜಲಜಕ್ಕ ಪಕ್ಕದಲ್ಲೇ ಇದ್ದರು. ಅಮಿತಾಳ ಬಲಕಿವಿಯ ಬುಡದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಕಂಡಿತು. ಕೇಳಿದರೆ, ಹುಟ್ಟುವಾಗಲೇ ಇತ್ತು, ಎರಡು ಮಕ್ಕಳಲ್ಲಿ ಅವಳೊಬ್ಬಳಿಗೇ ಎಂದರು ತಾಯಿ.

ಜಲಜಕ್ಕ ಮೂಲ ಫೋಟೊವನ್ನು ಮತ್ತೆ ತೆರೆದು ದೊಡ್ಡದು ಮಾಡಿದರು. ಅವರು ಅಳಿಸಿದ್ದು ಧೂಳಾಗಿರಲಿಲ್ಲ. ಕುಂಕುಮದ ಮಗುವಿನ ಕಿವಿಯ ಬುಡದಲ್ಲಿ ಅದೇ ತೂತು, ಆದರೆ ಎಡಕಿವಿಯಲ್ಲಿ. ಎದುರಿಗೆ ಕೂತ ಗುಲಾಬಿಯಕ್ಕನ ಸೆರಗು ಎಲ್ಲರ ಹಾಗೆ ಎಡ ಹೆಗಲ ಮೇಲಿತ್ತು. ಫೋಟೊದ ಗುಲಾಬಿಯಕ್ಕನ ಸೆರಗು ಬಲ ಹೆಗಲ ಮೇಲೆ. ಅಂದಿನ ಸ್ಟುಡಿಯೋದವರು ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದರು. ಕತ್ತಲೆ ಕೋಣೆಯಲ್ಲಿ ಆಗುತ್ತಿದ್ದ ಮಾಮೂಲಿ ತಪ್ಪು. ಜಲಜಕ್ಕ ಒಂದು ಕೀಲಿ ಒತ್ತಿ ಫೋಟೊವನ್ನು ಸರಿದಿಕ್ಕಿಗೆ ತಿರುಗಿಸಿದರು. ಸೆರಗು ಎಡಕ್ಕೆ ಬಂತು. ಕುಂಕುಮವಿದ್ದ ಮಗು ಬಲ ತೊಡೆಗೆ ಹೋಯಿತು. ಬಲ ತೊಡೆ ಯಾವಾಗಲೂ ಅಮಿತಾಳದು.

ಗುಲಾಬಿಯಕ್ಕ ಪರದೆಯಲ್ಲಿ ಎಡ ತೊಡೆಯ ಮಗುವನ್ನು ಬೆರಳಿನಿಂದ ಮುಟ್ಟಿದರಂತೆ. ಆಮೇಲೆ ತುಳುವಿನಲ್ಲಿ ಹೇಳಿದ್ದನ್ನು ಜಲಜಕ್ಕ ನನಗೆ ಕನ್ನಡದಲ್ಲಿ ಹೇಳುತ್ತಾರೆ: “ಇವಳಿಗೆ ಬಡಿಸಿದೆ. ಅವಳು ಹಸಿದುಕೊಂಡು ಪಕ್ಕದಲ್ಲೇ ಕೂತಿದ್ಲು.”

ಅಮಿತಾ ಅಂಗೈಯಿಂದ ತನ್ನ ಹಣೆ ಒರೆಸಿಕೊಂಡಳು. ಒರೆಸಿಕೊಂಡು ಅಂಗೈ ನೋಡಿದಳು.

ಮುರಿದ ನಿಶ್ಚಿತಾರ್ಥಕ್ಕೂ ಕಾಗದದ ಮೇಲಿನ ಕುಂಕುಮಕ್ಕೂ ಸಂಬಂಧವಿಲ್ಲವೆಂದು ನಾನು ಇಂದಿಗೂ ವಾದ ಮಾಡಬಲ್ಲೆ. ಆದರೆ ಆ ಹಳೆಯ ಫೋಟೊ ಈಗ ಜಲಜಕ್ಕನ ಡ್ರಾಯರಿನಲ್ಲಿದೆ, ಮುಖ ಅಡಿಯಾಗಿ. ಮನೆಗೆ ಒಯ್ಯಲು ತಾಯಿ ಒಪ್ಪಲಿಲ್ಲವಂತೆ. ಕೇಳಿದ್ದಕ್ಕೆ ತೆಗೆದು ತೋರಿಸುತ್ತಾರೆ. ಬದುಕಿ, ದಿನಾ ಮೆಟ್ರೊ ಹತ್ತಿ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ಮಗುವಾಗಿ, ಹಣೆಯಲ್ಲಿ ಸತ್ತವರ ಬೊಟ್ಟು ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ನನಗೆ ಹೆದರಿಕೆಯಾಯಿತು. ವಾದವನ್ನು ಜೇಬಿನಲ್ಲಿಟ್ಟುಕೊಂಡೆ.

ಮೊದಲು ಮಾಡಿದ ಮುಖವನ್ನು ಜಲಜಕ್ಕ ಅಂದೇ ಅಳಿಸಿಬಿಟ್ಟರು. ಅದು ಕುರ್ಚಿಗೆ ಹೋಗಿದ್ದರೆ, ಅವರ ಲೆಕ್ಕದಲ್ಲಿ, ಅಮಿತಾಳನ್ನೇ ಸತ್ತ ಗಂಡಿಗೆ ಧಾರೆ ಎರೆದಂತೆ. “ಡಿಲೀಟ್ ಒತ್ತುವಾಗ ಕಣ್ಣು ಮುಚ್ಕೊಂಡೆ. ಅದು ಜೀವ ಇದ್ದವಳ ಮುಖ ಅಲ್ವಾ,” ಎನ್ನುತ್ತಾರೆ. ಮದುವೆಗೆ ಉಳಿದದ್ದು ಎಂಟೇ ದಿನ. ನಿಜವಾದ ಸುಮಿತಾಳ ಮುಖವೋ, ಫೋಟೊ ತೆಗೆಯುವ ಗಳಿಗೆಯಲ್ಲಿ ಮಗು ತಲೆ ಅಲ್ಲಾಡಿಸಿದ್ದರಿಂದ ಕದಡಿಹೋಗಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಸಿಕ್ಕಿದ್ದು ಒಂದು ಹುಬ್ಬು, ತುಟಿಯ ಒಂದು ಕೊನೆ. ಉಳಿದದ್ದನ್ನು ಅಜ್ಜಿಯಿಂದಲೇ ತಂದರು.

ಆ ಮುಖವನ್ನು ನನಗೆ ತೋರಿಸುತ್ತಾರೆ. ಸೀರೆಯುಟ್ಟ ಹೆಂಗಸು, ಯಾರೋ ಕರೆದಂತೆ ಪಕ್ಕಕ್ಕೆ ತಿರುಗುತ್ತಿದ್ದಾಳೆ. ಅಮಿತಾಳ ಮನೆಯವಳೆಂದು ಗೊತ್ತಾಗುತ್ತದೆ, ಅಮಿತಾ ಎನ್ನಲು ಆಗುವುದಿಲ್ಲ. ಕೆನ್ನೆಯ ಅಂಚಿನಲ್ಲಿ ಸ್ವಲ್ಪ ಮಬ್ಬು ಉಳಿದಿದೆ. ಅದನ್ನೇಕೆ ಸರಿಮಾಡಲಿಲ್ಲ ಎಂದು ಕೇಳಿದೆ.

“ಅದನ್ನು ತೆಗಿಲಿಕ್ಕೆ ಮನಸ್ಸು ಬರ್ಲಿಲ್ಲ. ಮೂಗು ಅಜ್ಜಿದು, ಸೀರೆ ನಂದು, ಬಣ್ಣ ನಂದು. ಅಲ್ಲಾಡಿದ್ದು ಮಾತ್ರ ಅವಳೇ.”

ಆಟಿಯ ಕೊನೆಯ ವಾರ ಊರಿನಲ್ಲಿ ಮದುವೆ ನಡೆಯಿತು. ಗುಲಾಬಿಯಕ್ಕ ಮೊದಲೇ ಊರಿಗೆ ಹೋಗಿ, ಸರಿಯಾದ ಮಗುವಿಗೆ ಎಲೆ ಹಾಕಿ ಬಡಿಸಿದರು. ಮದುವೆಯಾಗದವಳೆಂದು ಅಮಿತಾಗೆ ಪ್ರವೇಶವಿಲ್ಲ, ಅವಳು ಇಲ್ಲೇ ಉಳಿದಳು. ಮೂರು ದಿನ ಬಿಟ್ಟು ಲತೇಶನಿಂದ ಒಂದು ಗುಂಪು ಫೋಟೊ ಬಂತು. ನಡುವೆ ಎರಡು ಕುರ್ಚಿ, ಒಂದರಲ್ಲಿ ಪಂಚೆ, ಇನ್ನೊಂದರಲ್ಲಿ ಸೀರೆ, ಸೀರೆಯ ಮೇಲೆ ಸುಮಿತಾಳ ಮುಖ. ಸುತ್ತಲೂ ಹಿರಿಯರು. ಮದುಮಗಳ ಅವಳಿ ದುಬೈಯಲ್ಲಿದ್ದಾಳೆ ಎಂದು ಯಾರೋ ಹೇಳಿದ್ದೇ ತಡ, ಲತೇಶ ಅಭ್ಯಾಸಬಲದಿಂದ ಮದುಮಗಳ ಕುರ್ಚಿಯ ಪಕ್ಕ ಜಾಗ ಬಿಡಿಸಿಬಿಟ್ಟಿದ್ದ. ಸೋದರಮಾವ ಆ ಜಾಗದ ಮೇಲೆ ಕೈ ಎತ್ತಿ ಹಿಡಿದಿದ್ದರು. ಆಚೆ ಬದಿಯ ಗುಲಾಬಿಯಕ್ಕ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ಅಮಿತಾಳನ್ನು ಇಲ್ಲಿ ನಿಲ್ಲಿಸಿ ಕೊಡಿ ಅಕ್ಕ ಎಂದು ಲತೇಶ ಬರೆದಿದ್ದ.

ಜಲಜಕ್ಕ ಫೋಟೊವನ್ನು ಅಮಿತಾಗೆ ಕಳುಹಿಸಿ ಕೇಳಿದರು. ಉತ್ತರ ಬಂದದ್ದು ಧ್ವನಿಯಲ್ಲಿ. ಅದನ್ನು ನನಗೂ ಕೇಳಿಸುತ್ತಾರೆ. ಹಿಂದೆ ಮೆಟ್ರೊದ ಸದ್ದು, ಅದರ ಮೇಲೆ ಸಣ್ಣ ದನಿ: “ನನ್ನನ್ನು ಅಲ್ಲಿ ಹಾಕ್ಬೇಡಿ ಜಲಜಕ್ಕ. ಮೂವತ್ತು ವರ್ಷ ಅಲ್ಲೇ ಇದ್ದೆ. ಸಾಕು.”

ಅಂಗಡಿ ತೆರೆಯುವ ಹೊತ್ತಾಗಿದೆ. ಗಾಜಿನಾಚೆ ವೀಸಾ ಫೋಟೊದವರು ಮೂರು ಮಂದಿ ಬಂದು ನಿಂತಿದ್ದಾರೆ. ಪರದೆಯ ಮೇಲೆ ಆ ಗುಂಪು ಫೋಟೊ ಇನ್ನೂ ತೆರೆದೇ ಇದೆ, ಮಾವನ ಕೈ ಗಾಳಿಯಲ್ಲಿ ಹಾಗೆಯೇ ಇದೆ, ಕೆಳಗಿನ ನೆಲ ಖಾಲಿ, ನೆರಳಿಲ್ಲ. ಜಲಜಕ್ಕ ಅದನ್ನು ಮುಚ್ಚುವ ಮೊದಲು ಒಮ್ಮೆ ನೋಡುತ್ತಾರೆ, ಉರಿಯುವ ಕಣ್ಣನ್ನು ಒರೆಸಿಕೊಳ್ಳುತ್ತಾರೆ.

“ಇಷ್ಟು ವರ್ಷ ಜನರನ್ನು ಫೋಟೊದ ಒಳಗೆ ಸೇರಿಸಿದ್ದೇ ಆಯ್ತು ಮಾರಾಯ್ರೆ. ಒಬ್ಳನ್ನು ಹೊರಗೆ ತಂದದ್ದು ಇದೇ ಮೊದಲು.”