ಮೊಟ್ಟೆ ತಟ್ಟೆಯ ನಿಂಬೆಹಣ್ಣು

ಫ್ರಿಜ್ ತಯಾರಿಸುವ ಮಹಾನುಭಾವರಿಗೆ ಲಿಂಗ ಕಟ್ಟಿದ ಮನೆಗಳ ಪರಿಚಯವಿಲ್ಲವೆಂದು ಕಾಣುತ್ತದೆ. ಇಲ್ಲದಿದ್ದರೆ ಬಾಗಿಲಿನ ಒಳಮೈಗೆ ಹನ್ನೆರಡು ಗುಂಡಿಗಳ ಮೊಟ್ಟೆ ತಟ್ಟೆಯನ್ನು ನಮಗೂ ಏಕೆ ದಯಪಾಲಿಸುತ್ತಿದ್ದರು? ತೊಂಬತ್ತರ ದಶಕದ ಕೊನೆಯಲ್ಲಿ, ತಿ. ನರಸೀಪುರದ ನಮ್ಮ ಬೀದಿಗೆ ಮೊದಲ ಫ್ರಿಜ್ ತಂದವನೆಂಬ ಜಂಬದಲ್ಲಿ ನಾನು ಆ ಗುಂಡಿಗಳಿಗೆ ನಿಂಬೆಹಣ್ಣು ತುಂಬಿಸಿ, ಬಂದವರಿಗೆಲ್ಲ ಬಾಗಿಲು ತೆರೆದು ಪ್ರದರ್ಶಿಸುತ್ತಿದ್ದೆ.

ಆ ನಿಂಬೆಹಣ್ಣನ್ನು ಎತ್ತಂಗಡಿ ಮಾಡಿದವಳು ನರ್ಸ್ ಆಗಿದ್ದ ನಮ್ಮಾಕೆ. ಬದನವಾಳಿನಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದ ಮಂಗಳಾಗೆ ಮಕ್ಕಳಾಗಲೆಂದು ಮೈಸೂರಿನ ಡಾಕ್ಟರು ಹತ್ತು ಸಂಜೆಗಳ ಇಂಜೆಕ್ಷನ್ ಬರೆದಿದ್ದರು. ಔಷಧಿ ತಣ್ಣಗಿರಬೇಕು, ಒಂದು ದಿನವೂ ತಪ್ಪಬಾರದು. ಹೀಗೆ ಅವಳ ಹೆಸರಿನ ಪುಟ್ಟ ಬಾಟಲಿಗಳು ನಮ್ಮ ಗುಂಡಿಗಳಲ್ಲಿ ಪ್ರತಿಷ್ಠಾಪನೆಗೊಂಡವು.

ಮಂಗಳಾಗೆ ಸೂಜಿಯ ಭಯ, ಅದಕ್ಕಿಂತ ಹೆಚ್ಚಾಗಿ, ಬೀದಿಯವರ "ಏನಾದ್ರೂ ವಿಶೇಷನಾ?" ಎಂಬ ಪ್ರಶ್ನೆಯ ಭಯ. ಮೊದಲ ಸಂಜೆ ಗಡಗಡ ನಡುಗುತ್ತಿದ್ದವಳಿಗೆ ನಮ್ಮಾಕೆ, "ಮೈಸೂರು ಬಸ್ಸು ಹತ್ತಿದೀನಿ ಅನ್ಕೊ. ನಿಧಾನಕ್ಕೆ ಉಸಿರು ಬಿಡ್ತಾ ಸ್ಟಾಪ್ ಹೇಳ್ಕೊಂಡು ಹೋಗು. ಗರ್ಗೇಶ್ವರಿ ದಾಟೋದ್ರೊಳಗೆ ಸೂಜಿ ಆಚೆ" ಎಂದಳು. ಹಾಗೇ ಆಯಿತು. ನೋವು ತೀರಿದ ಮೇಲೂ ಆ ಹುಡುಗಿ ಅರ್ಧ ದಾರಿ ದಾಟಿ ವರುಣದವರೆಗೆ ಹೋಗಿಯೇ ಇಳಿದಳು.

ಏಳನೆಯ ದಿನ ಇಡೀ ಹಗಲು ಕರೆಂಟ್ ಇರುವುದಿಲ್ಲವೆಂದು ತಿಳಿದ ನಾನು, ಬುದ್ಧಿವಂತಿಕೆ ಉಕ್ಕಿ, ಹಿಂದಿನ ಸಂಜೆಯೇ ಬಾಟಲಿಗಳನ್ನು ಮಂಜುಗಡ್ಡೆಯ ಗೂಡಿಗೆ ತುರುಕಿದೆ. ಬೆಳಿಗ್ಗೆ ಅವು ಕಲ್ಲಾಗಿದ್ದವು. ಹೆಪ್ಪುಗಟ್ಟಿದ ಔಷಧಿ ಕೆಲಸಕ್ಕೆ ಬಾರದೆಂದು ನಮ್ಮಾಕೆ ಹೇಳಿದಳು. ಆ ಹೆಣ್ಣುಮಗಳ ಆರು ದಿನದ ನೋವನ್ನು ನಾನು ನೀರುಪಾಲು ಮಾಡಿದ್ದೆ! ಚೀಟಿ ಹಿಡಿದು ಮೈಸೂರಿಗೆ ಓಡಿ, ಐಸು ತುಂಬಿದ ಫ್ಲಾಸ್ಕನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಸಂಜೆಯ ಹೊತ್ತಿಗೆ ಸರಿಯಾಗಿ ಮರಳಿದೆ.

ಮಂಗಳಾ ಆಗಲೇ ಬಂದು ಕೂತಿದ್ದಳು, ಎಲ್ಲವೂ ಅವಳಿಗೆ ತಿಳಿದಿತ್ತು. ತಲೆತಗ್ಗಿಸಿ ನಿಂತ ನನ್ನನ್ನು ನೋಡಿ, "ಬುಡಿ ಸಾ, ಚಳಿ ತಡೀದೆ ಔಸ್ದಿ ಎದುರ್ಕೊಂತು. ನಾನಿನ್ನೂ ಗಟ್ಟಿಯಾಗಿವ್ನಿ" ಎಂದು ನಕ್ಕಳು. ಒಂದು ವಾರದ ಹಿಂದೆ ನಡುಗುತ್ತಿದ್ದವಳು ಇವಳೇ ಎಂದು ನನಗೆ ಹೆಮ್ಮೆಯಾಯಿತು.

ಮಗುವಾಯಿತೇ ಎಂದು ನೀವು ಕೇಳುವಿರಿ. ಬೀದಿಯವರು ಕೇಳುತ್ತಿದ್ದುದೂ ಅದನ್ನೇ. ಆಗಲಿಲ್ಲ. ಅದು ಗೊತ್ತಾದ ದಿನ ನಮ್ಮಾಕೆ "ಮುಂದಿನ ಸಲ ಆಗುತ್ತೆ" ಎನ್ನದೆ ಪಕ್ಕದಲ್ಲಿ ಕೂತು, ಅವಳನ್ನು ಸಮಾಧಾನವಾಗುವಷ್ಟು ಅಳಲು ಬಿಟ್ಟಳು. ಮೂರು ಸಲವಾದ ಮೇಲೆ ಸಾಕೆಂದು ಮಂಗಳಾಳೇ ತೀರ್ಮಾನಿಸಿದಳು. ಆದರೆ ಬರುವುದನ್ನು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಸುತ್ತಲ ಹಳ್ಳಿಗಳ ಹೆಂಗಸರ ಬಾಟಲಿಗಳೂ ನಮ್ಮ ಗುಂಡಿಗಳಿಗೆ ಬಂದಿದ್ದವು. ಸಂಜೆ ಒಳಕೋಣೆಯಿಂದ ಮಂಗಳಾಳ ದನಿ ಕೇಳುತ್ತಿತ್ತು: "ಕೈ ಇಡ್ಕೊ ಕಣವ್ವ, ನಾನಿವ್ನಿ. ಯಾವೂರು ಬಂತು ಏಳು?" ಸೂಜಿ ಹಿಡಿದ ನಮ್ಮಾಕೆಗೆ ಆಗ ಮಾತಿನ ಕೆಲಸವೇ ಇರುತ್ತಿರಲಿಲ್ಲ.

ವರ್ಷಗಳ ನಂತರ ಹೊಸ ಫ್ರಿಜ್ ಕೊಳ್ಳುವಾಗ, ನಮ್ಮ ಮನೆಯ ಆಚಾರ ಬಲ್ಲ ಅಂಗಡಿಯವನು, ಮೊಟ್ಟೆ ತಟ್ಟೆ ತೆಗೆದುಬಿಡಲೇ ಎಂದು ಕೇಳಿದ. ಇರಲಿ ಬಿಡಪ್ಪ, ನಿಂಬೆಹಣ್ಣನ್ನು ಬುಟ್ಟಿಯಲ್ಲಿಡುತ್ತೇನೆ ಎಂದೆ.